ಕತೆಯ ಆಶಯ, ತಂತ್ರ ಕೇಳಿದರೆ ಮಕ್ಕಳು ಗೈಡ್ ಒಪ್ಪಿಸುತ್ತಾರೆ. ಏನು ಮಾಡಲಿ?

ನೀವು ಕೇಳಿದ್ದು ಇಷ್ಟು: ಮನೆಯಲ್ಲಿ 9 ಮತ್ತು 10ನೇ ತರಗತಿಯ ಏಳೆಂಟು ಮಕ್ಕಳಿಗೆ ಕನ್ನಡ ಟ್ಯೂಷನ್ ಹೇಳುತ್ತೀರಿ. ಸಣ್ಣಕತೆ ಓದಿಸಿ ಇದರ ಆಶಯ ಏನು, ಕತೆಗಾರರು ಯಾವ ತಂತ್ರ ಬಳಸಿದ್ದಾರೆ ಅಂತ ಕೇಳಿದರೆ ಗೈಡಿನ ಸಾಲು ಬರುತ್ತದೆ. ಗೈಡಿನಲ್ಲಿ ಇಲ್ಲದ ಕತೆ ಕೊಟ್ಟರೆ ತಲೆ ತಗ್ಗಿಸಿ ಕೂರುತ್ತಾರೆ. ಅವರೇ ಯೋಚಿಸುವ ಹಾಗೆ ಮಾಡೋದು ಹೇಗೆ?

ನಾನು ದಾವಣಗೆರೆ ಹತ್ತಿರದ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. 16 ವರ್ಷ ಆಯಿತು. ಮೊದಲ ಐದಾರು ವರ್ಷ ಆ ಗೈಡಿನ ಕೆಲಸವನ್ನು ನಾನೇ ಮಾಡುತ್ತಿದ್ದೆ. ಬೋರ್ಡಿನ ಮೇಲೆ ವಸ್ತು, ಪಾತ್ರ, ಸನ್ನಿವೇಶ, ನಿರೂಪಣೆ, ಭಾಷೆ, ಆಶಯ ಅಂತ ಸಾಲಾಗಿ ಬರೆದು, ಒಂದೊಂದಕ್ಕೂ ಎರಡೆರಡು ಸಾಲು ವಿವರಣೆ ಬರೆಸುತ್ತಿದ್ದೆ. ಮಕ್ಕಳು ದುಂಡಗೆ ಬರೆದುಕೊಂಡು, ಕೆಳಗೆ ಸ್ಕೇಲಿಟ್ಟು ಕೆಂಪು ಗೆರೆ ಎಳೆಯುತ್ತಿದ್ದರು. ನೋಡೋಕೆ ಬಹಳ ಚಂದ. ಒಂದು ಟೆಸ್ಟಿನಲ್ಲಿ ಒಬ್ಬ ಜಿಪುಣ ಅಂಗಡಿಯವನ ಕತೆ ಕೊಟ್ಟು ಆಶಯ ಕೇಳಿದೆ. 42 ಪೇಪರಿನಲ್ಲಿ ಮೂವತ್ತಕ್ಕೂ ಜಾಸ್ತಿ ಪೇಪರಿನಲ್ಲಿ ಒಂದೇ ಉತ್ತರ: 'ಮಾನವೀಯತೆ'. ಆ ಅಂಗಡಿಯವನಲ್ಲಿ ಮಾನವೀಯತೆ ಎಲ್ಲಿತ್ತೋ ದೇವರೇ ಬಲ್ಲ.

ಪೇಪರ್ ಕೊಡುವಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. "ಮಿಸ್, ಆಶಯ ಅಂದ್ರೆ ಕೊನೆಗೆ ಬರೋ ನೀತಿ ತಾನೆ?" ಅಲ್ಲ ಅಂದೆ. "ಮತ್ತೇನು?" ಅಂದ. ನನಗೆ ಹೇಳೋಕೆ ಬರಲಿಲ್ಲ. ಎಂ.ಎ., ಬಿ.ಎಡ್. ಎಲ್ಲ ಆಗಿತ್ತು. ಆದರೂ ಬಾಯಿಗೆ ಬಂದದ್ದು ಆ ಬೋರ್ಡಿನ ಎರಡು ಸಾಲು ಮಾತ್ರ.

ಆಮೇಲೆ ಒಂದು ವರ್ಷ ಆಶಯ, ತಂತ್ರ ಅನ್ನೋ ಎರಡು ಪದಗಳನ್ನು ತರಗತಿಯಲ್ಲಿ ಬಾಯಿಬಿಟ್ಟು ಹೇಳಲೇ ಇಲ್ಲ. ಪಠ್ಯದ ಕತೆ ಪಕ್ಕಕ್ಕಿಟ್ಟು, ನಾನೇ ಒಂದು ಏಳು ಸಾಲಿನ ಕತೆ ಕಟ್ಟಿದೆ. ಚಿಕ್ಕದು ಯಾಕೆ ಅಂದರೆ, ಕತೆ ಉದ್ದ ಇದ್ದರೆ ಮಕ್ಕಳು ಸಾರಾಂಶ ಹೇಳಿ ತಪ್ಪಿಸಿಕೊಳ್ಳುತ್ತಾರೆ. ಏಳೇ ಸಾಲಿದ್ದರೆ ಸಾರಾಂಶ ಹೇಳೋಕೆ ಏನೂ ಉಳಿಯಲ್ಲ. ಕತೆ ಇದು:

ಅಜ್ಜ ಕಾಟನ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮಿಲ್ಲು ಮುಚ್ಚಿ ಬಹಳ ವರ್ಷ ಆಗಿತ್ತು. ಆದರೂ ದಿನಾ ಬೆಳಿಗ್ಗೆ ಎದ್ದವನೇ ತನ್ನ ಟಿಫನ್ ಕ್ಯಾರಿಯರ್ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದ. ಒಂದು ದಿನ ಮೊಮ್ಮಗಳು ಅದರಲ್ಲೇ ಬುತ್ತಿ ಕಟ್ಟಿಸಿಕೊಂಡು ಸ್ಕೂಲಿಗೆ ಹೋದಳು. ಸಂಜೆ ಅವಳು ತಂದಿಟ್ಟ ಮೇಲೆ ಅಜ್ಜ ಮುಚ್ಚಳ ತೆಗೆದು ನೋಡಿದ. ತಳದಲ್ಲಿ ನಾಲ್ಕು ಅಗುಳು ಅಂಟಿಕೊಂಡಿದ್ದವು. ಮರುದಿನ ಬೆಳಿಗ್ಗೆ ಅಜ್ಜ ಕ್ಯಾರಿಯರ್ ತೊಳೆಯಲಿಲ್ಲ.

ಅಷ್ಟೇ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಇತ್ತಲ್ಲ, ಹತ್ತಿ ಗಿರಣಿಗಳ ಕಾಲ. ನಮ್ಮ ಮಕ್ಕಳು ಅದನ್ನು ಕಂಡವರಲ್ಲ. ಆದರೆ ಮನೆಯಲ್ಲಿ ಯಾರಾದರೂ ಒಬ್ಬರು ಮಿಲ್ಲಿನ ಮಾತು ಆಡಿರುತ್ತಾರೆ. ಹಾಗಾಗಿ ಕತೆ ಒಳಗೆ ಹೋಗೋಕೆ ಬಾಗಿಲು ತೆರೆದೇ ಇತ್ತು.

ಕತೆ ಓದಿ ನಾನು ಕೇಳಿದ್ದು ಒಂದೇ ಪ್ರಶ್ನೆ: "ಓದ್ತಾ ಎಲ್ಲಿ ತಡೀತು?" ಎಲ್ಲರೂ ಕೊನೆ ಸಾಲು ತೋರಿಸಿದರು. ಯಾಕೆ ತೊಳೆಯಲಿಲ್ಲ? ಆಗ ಶುರುವಾಯಿತು ನೋಡಿ. "ಕೇಳದೆ ಒಯ್ದಳು ಅಂತ ಸಿಟ್ಟು ಬಂದಿರಬೇಕು" ಅಂದ ಒಬ್ಬ. "ಆ ಅಗುಳು ಹಂಗೇ ಇರಲಿ ಅಂತ" ಅಂದಳು ಇನ್ನೊಬ್ಬಳು. ಎಂದೂ ಮಾತಾಡದ ಒಬ್ಬ ಹುಡುಗ ಮೆಲ್ಲಗೆ ಹೇಳಿದ: "ತೊಳೆಯೋದು ಅವನ ಡ್ಯೂಟಿ ಆಗಿತ್ತು ಮಿಸ್. ಈಗ ಡ್ಯೂಟಿ ಆಕಿಗೆ ಹೋತು." ನಾನು ಬರೆಯುವಾಗ ಹೀಗೆ ಅಂದುಕೊಂಡಿರಲೇ ಇಲ್ಲ. ಆದರೆ ಕತೆಯಲ್ಲಿ ಅದು ಇತ್ತು.

ಇಲ್ಲಿ ಒಂದು ಎಚ್ಚರ ಬೇಕು. ಏನು ಹೇಳಿದರೂ ಸರಿ ಅಂತ ಬಿಟ್ಟರೆ ಮಕ್ಕಳು ಎಲ್ಲಿಗೋ ಹೋಗುತ್ತಾರೆ. "ಅಜ್ಜ ಸತ್ತೋಗಿದ್ದ, ಅದಕ್ಕೇ ತೊಳೀಲಿಲ್ಲ" ಅಂದವನೂ ಇದ್ದಾನೆ. ಅವನಿಗೆ ತಪ್ಪು ಅಂತ ಹೇಳಬೇಡಿ. "ಯಾವ ಸಾಲು ಹಾಗೆ ಹೇಳ್ತು, ತೋರಿಸು" ಅನ್ನಿ. ಅವನು ಮತ್ತೆ ಏಳು ಸಾಲು ಓದುತ್ತಾನೆ. ತೋರಿಸೋಕೆ ಆಗಲ್ಲ. ತಾನೇ ಕೂರುತ್ತಾನೆ. ಸಿಟ್ಟು ಅಂದವನಿಗೂ ಇದೇ ಪ್ರಶ್ನೆ. ಅವನು 'ಮುಚ್ಚಳ ತೆಗೆದು ನೋಡಿದ' ಅನ್ನೋ ಸಾಲು ತೋರಿಸಿ, "ಚೆಕ್ ಮಾಡಿದ ಅಂದ್ರೆ ನಂಬಿಕೆ ಇರಲಿಲ್ಲ" ಅಂತ ವಾದ ಮಾಡಿದ. ನಾನು ಒಪ್ಪಲಿಲ್ಲ, ಆದರೆ ಮಾರ್ಕ್ಸ್ ಕೊಟ್ಟೆ. ಸಾಲು ಹಿಡಿದು ಜಗಳ ಆಡೋಕೆ ಬಂತಲ್ಲ, ನನಗೆ ಬೇಕಿದ್ದದ್ದು ಅದೇ.

ಇನ್ನು ತಂತ್ರದ ವಿಷಯ, ಅಂದರೆ ಕತೆಯನ್ನು ಹೇಗೆ ಕಟ್ಟಿದ್ದಾರೆ ಅನ್ನೋದು. ಇದನ್ನು ಕಲಿಸುವ ಆಟಕ್ಕೆ ನಾನು ಇಟ್ಟ ಹೆಸರು 'ಕಿತ್ತು ನೋಡು'. ಕತೆಯಿಂದ ಒಂದು ಸಾಲು ಕಿತ್ತು, ಉಳಿದದ್ದನ್ನು ಜೋರಾಗಿ ಓದೋದು. ಎರಡನೇ ಸಾಲು ಕಿತ್ತೆವು, ಮಿಲ್ಲು ಮುಚ್ಚಿದ್ದು. ಈಗ ಅಜ್ಜ ದಿನಾ ಪಾತ್ರೆ ತೊಳೆಯುವ ಅಚ್ಚುಕಟ್ಟಿನ ಮನುಷ್ಯ ಅಷ್ಟೇ. ಕತೆ ಸಪ್ಪೆ. ಆಮೇಲೆ ಕ್ಯಾರಿಯರ್ ತೆಗೆದು ಕೊಡೆ ಹಾಕಿದೆವು. ಅಜ್ಜ ದಿನಾ ಕೊಡೆ ಒರೆಸಿ ಇಡುತ್ತಾನೆ, ಮೊಮ್ಮಗಳು ಮಳೆಗೆ ಒಯ್ಯುತ್ತಾಳೆ. ಪರವಾಗಿಲ್ಲ, ನಡೆಯುತ್ತೆ. "ಆದ್ರೆ ಕೊಡೆ ಖಾಲಿ ಇರಲ್ಲ ಮಿಸ್, ಡಬ್ಬಿ ಖಾಲಿ ಇರುತ್ತೆ" ಅಂದಳು ಒಬ್ಬಳು. ಆವತ್ತು ನಾನು 'ಸಂಕೇತ' ಅನ್ನೋ ಪದ ಬೋರ್ಡಿನ ಮೇಲೆ ಬರೆದೆ. ಅವಳು ಅದನ್ನು ಕಂಡುಹಿಡಿದ ಮೇಲೆ ಬರೆದೆ, ಮೊದಲೇ ಅಲ್ಲ. ಪದ ಮೊದಲು ಬಂದರೆ ಮಕ್ಕಳು ಕತೆಯಲ್ಲಿ ಸಂಕೇತ ಹುಡುಕೋಕೆ ಹೋಗಿ ಕಂಡದ್ದೆಲ್ಲ ಸಂಕೇತ ಅನ್ನುತ್ತಾರೆ. ಕಾಗೆ ಬಂದರೆ ಸಾವು, ಮಳೆ ಬಂದರೆ ಅಳು.

ಕೀಳೋದು ಮಾತ್ರ ಅಲ್ಲ, ಸೇರಿಸಿಯೂ ನೋಡಬೇಕು. ಕೊನೆ ಸಾಲಿನ ಮುಂದೆ 'ಅಜ್ಜನಿಗೆ ಬಹಳ ಸಂತೋಷವಾಗಿತ್ತು' ಅಂತ ಸೇರಿಸಿ ಓದಿದೆ. ತರಗತಿ ಪೂರ್ತಿ "ಅಯ್ಯೋ" ಅಂದಿತು. ಯಾಕೆ ಅಯ್ಯೋ? "ನೀವೇ ಹೇಳಿಬಿಟ್ರೆ ನಮಗೇನು ಕೆಲಸ?" ಅಂದಳು ಒಬ್ಬಳು.

ಆ ಹುಡುಗಿಗೆ ಗೊತ್ತಿಲ್ಲದೆಯೇ ಅವಳು ಸಂಸ್ಕೃತ ಕಾವ್ಯಮೀಮಾಂಸೆಯ ದೊಡ್ಡ ಪಂಡಿತ ಆನಂದವರ್ಧನನ ಹತ್ತಿರ ಬಂದಿದ್ದಳು. ಒಂಬತ್ತನೇ ಶತಮಾನದಲ್ಲಿ, ದೂರದ ಕಾಶ್ಮೀರದಲ್ಲಿ ಕೂತು ಅವನು ಧ್ವನಿ ಅಂದದ್ದು ಇದನ್ನೇ. ಪದಗಳು ನೇರವಾಗಿ ಹೇಳದ ಅರ್ಥವೊಂದು ಕೇಳುವವನ ಮನಸ್ಸಿನಲ್ಲಿ ಮೂಡೋದು. ನಮ್ಮ ಕಾವ್ಯಮೀಮಾಂಸೆಯವರ ಹಳೆಯ ಉದಾಹರಣೆ ಒಂದಿದೆ: 'ಸೂರ್ಯ ಮುಳುಗಿದ'. ಕೂಲಿಯವನಿಗೆ ಅದು ಕೆಲಸ ಸಾಕು ಅಂತ ಕೇಳುತ್ತೆ, ದನ ಕಾಯೋನಿಗೆ ಮನೆ ಕಡೆ ಹೊಡಿ ಅಂತ, ಕಳ್ಳನಿಗೆ ಹೊತ್ತು ಬಂತು ಅಂತ. ನಾನು ಮಕ್ಕಳಿಗೆ ಕೇಳೋದು ಬೇರೆ. ರಾತ್ರಿ ನೀವು ಮೊಬೈಲ್ ಹಿಡಿದು ಕೂತಾಗ ಅಮ್ಮ ಅಡುಗೆಮನೆಯಿಂದ "ಗಂಟೆ ಎಷ್ಟಾಯ್ತು?" ಅಂತಾರಲ್ಲ, ಅವರು ಟೈಮ್ ಕೇಳ್ತಿದ್ದಾರಾ? ಕ್ಲಾಸೆಲ್ಲ ನಗು. ಧ್ವನಿ ಅವರಿಗೆ ಹುಟ್ಟಿನಿಂದ ಗೊತ್ತು. ಪುಸ್ತಕದೊಳಗೆ ಬಂದಾಗ ಗುರುತು ಸಿಗಲ್ಲ ಅಷ್ಟೇ.

ಮುನ್ಸೂಚನೆಗೂ ಹೀಗೇ. ಐದು ನಿಮಿಷ ಸಾಕು. "ಸಿನಿಮಾದಲ್ಲಿ ಗೋಡೆ ಮೇಲಿನ ಫೋಟೊ ಬಿದ್ದು ಗಾಜು ಒಡೆದ್ರೆ?" ಅಂದರೆ "ಸಾಯ್ತಾರೆ!" ಅಂತ ಕೂಗುತ್ತಾರೆ. ಹಿನ್ನೋಟ, ಅಂದರೆ ಫ್ಲ್ಯಾಶ್‌ಬ್ಯಾಕ್, ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವುಗಳ ಮೇಲೆ ಸಮಯ ಹಾಕಬೇಡಿ.

ಆಶಯಕ್ಕೆ ಹೋಲಿಕೆ ಕೊಡೋಕೆ ಹೋಗಿ ನಾನು ಒಮ್ಮೆ ಕೆಟ್ಟೆ. ಬೆಣ್ಣೆ ದೋಸೆಯಲ್ಲಿ ಬೆಣ್ಣೆ ಹೇಗೆ ಎಲ್ಲ ಕಡೆ ಇಳಿದಿರುತ್ತೋ ಹಾಗೆ ಕತೆಯಲ್ಲಿ ಆಶಯ ಅಂದೆ. ದಾವಣಗೆರೆಯಲ್ಲಿ ಈ ಮಾತು ಆಡಬಾರದಿತ್ತು. ಯಾವ ಹೋಟೆಲಿನ ದೋಸೆ ಮೇಲು ಅಂತ ಜಗಳ ಹತ್ತಿ ಪೀರಿಯಡ್ ಮುಗಿಯಿತು.

ಈಗ ಹೋಲಿಕೆ ಕೊಡಲ್ಲ. ಎರಡು ಹೆಜ್ಜೆ ಹಾಕಿಸುತ್ತೇನೆ. ಮೊದಲು, ಕತೆ ಯಾವುದರ ಬಗ್ಗೆ? ಒಂದೇ ಪದ ಸಾಕು. ಅಜ್ಜನ ಕತೆಗೆ 'ನಿರುದ್ಯೋಗ' ಅಂದರು, 'ಮುಪ್ಪು' ಅಂದರು, 'ಅಭ್ಯಾಸ' ಅಂದರು. ಎಲ್ಲ ಸರಿ. ಅದು ವಸ್ತು. ಎರಡನೆಯದು, ಕತೆ ಅದರ ಬಗ್ಗೆ ಏನು ಹೇಳ್ತಿದೆ? ಈಗ ಪದ ಸಾಲದು, ಪೂರ್ತಿ ವಾಕ್ಯ ಬೇಕು. 'ಕೆಲಸ ಹೋದರೂ ಕೆಲಸದ ಅಭ್ಯಾಸ ಹೋಗಲ್ಲ' ಅಂದನೊಬ್ಬ. ಕೊನೆ ಸಾಲು ಇದಕ್ಕೆ ಹೊಂದುತ್ತಾ ಅಂತ ಕೇಳಿದೆ. ಇಲ್ಲ, ಕೊನೆಗೆ ಅಭ್ಯಾಸ ಹೋಯಿತಲ್ಲ. ಮತ್ತೆ ತಿದ್ದಿದರು. ಕೊನೆಗೆ ಒಬ್ಬಳು ಬರೆದದ್ದು ಇದು: 'ಖಾಲಿ ಡಬ್ಬಿ ತೊಳೆದು ತೊಳೆದು ಅಜ್ಜ ತನ್ನನ್ನೂ ಖಾಲಿ ಅಂದುಕೊಂಡಿದ್ದ. ಯಾರೋ ಅದರಲ್ಲಿ ಉಂಡ ದಿನ ಹಾಗಲ್ಲ ಅಂತ ಗೊತ್ತಾಯಿತು.' ಇದಕ್ಕಿಂತ ಚೆನ್ನಾಗಿ ನನಗೂ ಬರೆಯೋಕೆ ಬರಲ್ಲ.

ಆಶಯದ ವಾಕ್ಯ ಸರಿ ಇದೆಯಾ ಅಂತ ನೋಡೋಕೆ ಒಂದು ಸುಲಭದ ದಾರಿ ಇದೆ. ಅದೇ ವಾಕ್ಯವನ್ನು ಬೇರೆ ಕತೆಗೆ ತೊಡಿಸಿ ನೋಡಿ. ಆರಾಮಾಗಿ ಹಿಡಿಸಿದರೆ ಅದು ಈ ಕತೆಯ ಅಳತೆಗೆ ಹೊಲಿದದ್ದಲ್ಲ. 'ಮಾನವೀಯತೆ' ಫ್ರೀ ಸೈಜ್ ನೈಟಿ ಇದ್ದ ಹಾಗೆ, ಎಲ್ಲರಿಗೂ ಆಗುತ್ತೆ.

ನೀತಿಗೂ ಆಶಯಕ್ಕೂ ಇರುವ ಗೊಂದಲ ಬಿಡಿಸೋಕೆ ಗೋವಿನ ಹಾಡು ಇದೆ. ಹಾಡಾದರೂ ಕತೆಯೇ, ಎಲ್ಲರಿಗೂ ಬಾಯಿಪಾಠ. ನೀತಿ ಏನು? ಸತ್ಯ ಹೇಳಬೇಕು. ಸರಿ, ಅಷ್ಟೇ ಆಗಿದ್ದರೆ ಹುಲಿ ಹಸುವನ್ನು ಬಿಟ್ಟು ಗುಹೆಗೆ ಹೋದರೆ ಸಾಕಿತ್ತಲ್ಲ? ಅದು ಯಾಕೆ ಪ್ರಾಣ ಬಿಡಬೇಕಿತ್ತು? ಈ ಪ್ರಶ್ನೆ ಕೇಳಿ ಸುಮ್ನೆ ಕೂತುಬಿಡಿ. ನಾನು ಕೇಳಿದಾಗ ಒಬ್ಬ "ಹುಲಿ ಹುಲ್ಲು ತಿನ್ನೋಕಾಗಲ್ವಲ್ಲ" ಅಂದ. ಅದರಿಂದ ಒಂದು ಪೂರ್ತಿ ಪೀರಿಯಡ್ ಮಾತು ಹುಟ್ಟಿತು.

ಈಗ ನನಗೆ ಅತಿ ಇಷ್ಟವಾದ ಭಾಗ: ಕತೆ ಯಾರು ಹೇಳ್ತಿದ್ದಾರೆ? ಗೈಡುಗಳು ಇದನ್ನು 'ನಿರೂಪಣೆ ಸರಳವಾಗಿದೆ' ಅಂತ ಒಂದು ಸಾಲಿನಲ್ಲಿ ಮುಗಿಸುತ್ತವೆ. ನಾವು ಇದಕ್ಕೆ ಕೋಟೆಗೆ ಹೋದೆವು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ. ವರ್ಷಕ್ಕೊಮ್ಮೆ ಟ್ರಿಪ್ ಇದ್ದೇ ಇರುತ್ತೆ. ಓಬವ್ವನ ಕಿಂಡಿಯ ಮುಂದೆ ಮಕ್ಕಳನ್ನು ಕೂರಿಸಿದೆ. ಕತೆ ಯಾರಿಗೂ ಹೇಳಬೇಕಿಲ್ಲ. ಕಾವಲುಗಾರ ಗಂಡ ಮನೆಗೆ ಬಂದು ಊಟಕ್ಕೆ ಕೂತಿದ್ದ, ಓಬವ್ವ ನೀರಿಗೆ ಹೋದಳು, ಕಿಂಡಿಯಿಂದ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳೋದು ಕಂಡಳು, ಒನಕೆ ತಂದಳು. ಮಕ್ಕಳನ್ನು ಮೂರು ಗುಂಪು ಮಾಡಿದೆ. ಒಂದು ಗುಂಪಿಗೆ ಗಂಡ ಹೇಳುವ ಹಾಗೆ, ಇನ್ನೊಂದಕ್ಕೆ ಸಾಲಿನಲ್ಲಿ ಹತ್ತನೆಯವನಾಗಿ ನಿಂತ ಸೈನಿಕ ಹೇಳುವ ಹಾಗೆ, ಮೂರನೆಯದಕ್ಕೆ ಓಬವ್ವನೇ ಹೇಳುವ ಹಾಗೆ ಬರೆಯಲು ಹೇಳಿದೆ. ಒಬ್ಬೊಬ್ಬರಿಗೂ ಹತ್ತು ಸಾಲು, ಜಾಸ್ತಿ ಇಲ್ಲ.

ಗಂಡನ ಗುಂಪು ಮೊದಲು ಬೇಜಾರು ಮಾಡಿಕೊಂಡಿತು. ಅವನು ಏನೂ ಮಾಡಲಿಲ್ಲವಲ್ಲ, ಉಣ್ಣುತ್ತಿದ್ದ. ಆದರೆ ಅವರ ಬರಹವೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ಅವನು ಮುದ್ದೆ ಮುರಿಯುತ್ತಾ "ನೀರು ಯಾಕೆ ಇನ್ನೂ ಬರಲಿಲ್ಲ" ಅಂತ ಗೊಣಗುತ್ತಾನೆ. ಇನ್ನೊಂದು ತುತ್ತು. ಮತ್ತೆ ಗೊಣಗು. ಓದುವ ನಮಗೆ ಕಿಂಡಿಯಲ್ಲಿ ಏನಾಗ್ತಿದೆ ಗೊತ್ತು, ಅವನಿಗೆ ಗೊತ್ತಿಲ್ಲ. ಮೈ ಜುಂ ಅಂದಿತು. ನಾಟಕೀಯ ವ್ಯಂಗ್ಯ ಅಂತ ಇದಕ್ಕೊಂದು ಹೆಸರಿದೆ ಅಂತ ಬಸ್ಸಿನಲ್ಲಿ ವಾಪಸ್ ಬರುವಾಗ ಹೇಳಿದೆ. ಸೈನಿಕನ ಗುಂಪಿನ ಹುಡುಗ ಬರೆದದ್ದು ಇನ್ನೊಂದು ಥರ: ಮುಂದಿನವನು ಒಳಗೆ ಹೋದ, ಏನೂ ಸದ್ದಿಲ್ಲ, ಅಂದರೆ ಎಲ್ಲ ಸರಿ ಇದೆ ಅಂದುಕೊಂಡೆ. ಅಷ್ಟಕ್ಕೇ ನಿಲ್ಲಿಸಿದ್ದ. ಮುಂದೆ ಬರಿ ಅಂದರೆ "ಮುಂದೆ ಅವನಿಲ್ವಲ್ಲ ಮಿಸ್" ಅಂದ. ಓಬವ್ವನ ಗುಂಪಿನವರು ಮಾತ್ರ ಭಾಷಣ ಬರೆದಿದ್ದರು. ವೀರರಸ ಉಕ್ಕಿ ಹರಿದಿತ್ತು. ಅದಕ್ಕೆ ಅವರನ್ನೇನೂ ಬೈಯಲಿಲ್ಲ. ಆ ಕಿಂಡಿ ಮುಂದೆ ಕೂತು ಬೇರೆ ಏನು ಬರುತ್ತೆ ಹೇಳಿ.

ಇದಾದ ಮೇಲೆ ಪುಸ್ತಕದ ಕತೆಗೆ ಬನ್ನಿ. ಕನ್ನಡ ಸಣ್ಣಕತೆಯ ಜನಕ ಅಂತ ಕರೆಯುವ ಮಾಸ್ತಿಯವರ 'ರಂಗನ ಮದುವೆ' ಈ ಪಾಠಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬೆಂಗಳೂರಲ್ಲಿ ಓದಿ ಬಂದ ರಂಗ ಚಿಕ್ಕ ಹುಡುಗಿಯನ್ನು ಮದುವೆ ಆಗಲ್ಲ ಅನ್ನುತ್ತಾನೆ. ಕತೆ ಹೇಳುವ ಶ್ಯಾಮ ಹನ್ನೊಂದು ವರ್ಷದ ರತ್ನಳನ್ನು ಅವನಿಗೆ ಗಂಟು ಹಾಕಲು ಸಂಚು ಮಾಡುತ್ತಾನೆ. ಜ್ಯೋತಿಷ್ಯ ಹೇಳುವ ಶಾಸ್ತ್ರಿಗೆ ಮೊದಲೇ ಮಾತು ಹೇಳಿಕೊಟ್ಟಿರುತ್ತಾನೆ. ರಂಗನನ್ನು ಪರೀಕ್ಷೆ ಮಾಡೋಕೆ ಆ ಹುಡುಗಿಗೆ ಮದುವೆ ಆಗಿದೆ ಅಂತ ಸುಳ್ಳು ಹೇಳುತ್ತಾನೆ. ಎಲ್ಲ ಎಷ್ಟು ತಮಾಷೆಯಾಗಿ, ಕಟ್ಟೆ ಮೇಲೆ ಕೂತು ಹರಟೆ ಹೊಡೆದ ಹಾಗೆ ಬರುತ್ತೆ ಅಂದರೆ, ನಾವು ನಗುತ್ತಾ ಅವನ ಪಕ್ಷ ಸೇರಿಬಿಡುತ್ತೇವೆ. ಆಗ ಕೇಳಬೇಕು: ಶ್ಯಾಮ ರಂಗನಿಗೆ ಸುಳ್ಳು ಹೇಳಿದ. ನಮಗೆ ಪೂರ್ತಿ ನಿಜ ಹೇಳ್ತಿದ್ದಾನೆ ಅಂತ ಏನು ಗ್ಯಾರಂಟಿ?

ಆ ವರ್ಷ ಒಬ್ಬ ಹುಡುಗಿ ಎದ್ದು ಕೇಳಿದಳು: "ರತ್ನಂಗೆ ಇಷ್ಟ ಐತಾ ಅಂತ ಯಾರೂ ಕೇಳೇ ಇಲ್ವಲ್ಲ ಮಿಸ್?" ನಾನು ಆ ಕತೆಯನ್ನು ಅಷ್ಟು ಸಲ ಓದಿದ್ದೆ. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹತ್ತನೇ ಕ್ಲಾಸು ಮುಗಿಯೋದ್ರೊಳಗೆ ಮದುವೆ ಮಾತು ಎತ್ತುವ ಮನೆಗಳು ನಮ್ಮ ಕಡೆ ಇನ್ನೂ ಇವೆ, ಹಾಗಾಗಿ ಅವಳಿಗೆ ಹೊಳೆಯಿತು ಅನಿಸುತ್ತೆ. ಕೆಲವರು ಹಾಗಾದರೆ ಲೇಖಕರು ಬಾಲ್ಯವಿವಾಹದ ಪರ ಅಂದರು. ಅಲ್ಲೇ ಹಿಡಿದು ನಿಲ್ಲಿಸಬೇಕು. ಹೇಳ್ತಿರೋದು ಶ್ಯಾಮ, ಬರೆದದ್ದು ಮಾಸ್ತಿ. ಶ್ಯಾಮನಿಗೆ ಇದೆಲ್ಲ ತಮಾಷೆ. ಅವನನ್ನು ಹೀಗೆ ಮಾತಾಡಲು ಬಿಟ್ಟವರಿಗೂ ತಮಾಷೆಯೇನಾ? ಎರಡೂ ಕಡೆ ಸಾಲು ಹುಡುಕಿದರು. ತೀರ್ಪು ಬರಲಿಲ್ಲ. ನಾನೂ ಕೊಡಲಿಲ್ಲ. ಆವತ್ತಿಂದ 'ಕತೆಯಲ್ಲಿ ಯಾರ ಮಾತು ಕೇಳಿಸಲ್ಲ?' ಅನ್ನೋದು ನನ್ನ ಕಾಯಂ ಪ್ರಶ್ನೆ.

ಅಲಂಕಾರವನ್ನೂ ಇದರಲ್ಲೇ ಸೇರಿಸಿಬಿಡಿ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಅಂತ ಮಕ್ಕಳು ನಿದ್ದೆಯಲ್ಲೂ ಹೇಳುತ್ತಾರೆ. ಪರೀಕ್ಷೆಗೆ ಬೇಕು, ಇರಲಿ. ಆದರೆ ರಂಗನ ಬಾಡಿದ ಮುಖಕ್ಕೆ ಆ ಕತೆಯಲ್ಲಿ ಸುಟ್ಟ ಬದನೆಕಾಯಿಯ ಹೋಲಿಕೆ ಬರುತ್ತೆ. ಬಾಡಿದ ತಾವರೆ ಯಾಕೆ ಆಗಲಿಲ್ಲ, ಬದನೆಕಾಯಿ ಯಾಕೆ? ತಾವರೆ ಅಂದಿದ್ದರೆ ನಮಗೆ ಅಯ್ಯೋ ಪಾಪ ಅನಿಸುತ್ತಿತ್ತು. ಬದನೆಕಾಯಿ ಅಂದಾಗ ನಗು. ನಗಿಸಬೇಕು ಅನ್ನೋದು ಶ್ಯಾಮನ ಇಷ್ಟ.

ನೀವು ಕೊನೆಗೆ ಕೇಳಬಹುದು, ಇದೆಲ್ಲ ಸರಿ, ಮಾರ್ಕ್ಸ್ ಬರುತ್ತಾ ಅಂತ. ನಮ್ಮ ಪ್ರಶ್ನೆಪತ್ರಿಕೆಯಲ್ಲಿ 'ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ' ಇದೆಯಲ್ಲ, ಅದು ನೋಡಿ. ಪಾಠದ ಒಂದು ಮಾತು ಕೊಟ್ಟಿರುತ್ತಾರೆ. ಆಯ್ಕೆ (ಅದು ಯಾವ ಪಾಠದ್ದು ಅನ್ನೋದು), ಸಂದರ್ಭ ಎರಡನ್ನೂ ಮಕ್ಕಳು ಸರಿಯಾಗಿ ಬರೆಯುತ್ತಾರೆ. ಸ್ವಾರಸ್ಯ ಬಂದಾಗ 'ಈ ಮಾತು ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ' ಅಂತ ಬರೆದು ಗೆರೆ ಎಳೆಯುತ್ತಾರೆ. ಸ್ವಾರಸ್ಯ ಏನಪ್ಪಾ ಅಂದರೆ ಸ್ವಾರಸ್ಯ ಇದೆ ಅಂತ! ನಿಜ ಹೇಳಬೇಕು ಅಂದರೆ ತಂತ್ರದ ಪ್ರಶ್ನೆ ನಮ್ಮ ಪರೀಕ್ಷೆಯಲ್ಲಿ ಇರೋದು ಅಲ್ಲೇ. ಆ ಮಾತನ್ನು ಕಿತ್ತರೆ, ಅಥವಾ ಬೇರೆ ಪಾತ್ರದ ಬಾಯಲ್ಲಿ ಹಾಕಿದರೆ, ಕತೆಗೆ ಏನು ನಷ್ಟ? ಅದನ್ನೇ ಎರಡು ಸಾಲು ಬರೆಸಿ. ಮೌಲ್ಯಮಾಪನ ಮಾಡುವವರು ಒಂದೇ ಥರದ ಪೇಪರ್ ನೋಡಿ ನೋಡಿ ಸುಸ್ತಾಗಿರುತ್ತಾರೆ. ನಾನೂ ಆ ಕೆಲಸಕ್ಕೆ ಕೂತಿದ್ದೇನೆ. ಒಂದು ಸ್ವಂತ ವಾಕ್ಯ ಕಂಡರೆ ಪೆನ್ನು ತಾನಾಗಿ ಪೂರ್ತಿ ಅಂಕದ ಕಡೆ ಹೋಗುತ್ತೆ.

ಏಳೆಂಟೇ ಮಕ್ಕಳು ಅಂದಿರಿ, ಅದು ನಿಮ್ಮ ಭಾಗ್ಯ. ನಮ್ಮ 40 ನಿಮಿಷದ ಪೀರಿಯಡ್‌ನಲ್ಲಿ ಹಾಜರಿಗೇ ಐದು ನಿಮಿಷ ಹೋಗುತ್ತೆ. ಕ್ಯಾರಿಯರ್ ಕತೆ ಬೇಕಾದರೆ ಬಳಸಿಕೊಳ್ಳಿ. ಆದರೆ ಕೊನೆ ಸಾಲು ಮುಚ್ಚಿಟ್ಟು, ಅವರವರ ಕೊನೆ ಸಾಲು ಬರೆಸಿ, ಆಮೇಲೆ ನನ್ನದು ತೋರಿಸಿ. ಅವರದ್ದೇ ಚೆನ್ನಾಗಿದ್ದರೆ ಇಲ್ಲಿ ಕಾಮೆಂಟಿನಲ್ಲಿ ಹಾಕಿ, ನನ್ನದು ಬದಲಾಯಿಸಿಕೊಳ್ಳುತ್ತೇನೆ. ಇನ್ನೊಂದು, "ಇದು ನಿಜವಾಗಿ ನಡೆದದ್ದಾ?" ಅಂತ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. ನನ್ನನ್ನೂ ಕೇಳಿದ್ದಾರೆ. ನಮ್ಮ ತಾತ ಮಿಲ್ಲಿನಲ್ಲಿದ್ದದ್ದು ನಿಜ, ಕ್ಯಾರಿಯರ್ ಇದ್ದದ್ದೂ ನಿಜ. ಅದರಲ್ಲಿ ನಾನು ಬುತ್ತಿ ಒಯ್ದಿರಲಿಲ್ಲ. ಹಳೇದು ಅಂತ ನಾಚಿಕೆ ಆಗಿ ಹೊಸ ಪ್ಲಾಸ್ಟಿಕ್ ಡಬ್ಬಿ ಕೊಡಿಸಿಕೊಂಡಿದ್ದೆ.